ಮಗುವಿನ ಮೇಲ್ತುಟಿಯ ಪೊರೆ: ಕತ್ತರಿಸಲೇಬೇಕೇ?

ನಿಮ್ಮ ಮಗುವಿನ ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ತುಟಿಯನ್ನು ವಸಡಿಗೆ ಜೋಡಿಸುವ ತೆಳುವಾದ ಪೊರೆಯೊಂದು ಕಾಣಿಸುತ್ತದೆ. ಇದು ಎಲ್ಲರಿಗೂ ಇರುವಂಥದ್ದೇ. ಕೆಲವು ಮಕ್ಕಳಲ್ಲಿ ಅದು ದಪ್ಪವಾಗಿದ್ದು, ಮುಂದಿನ ಎರಡು ಹಲ್ಲುಗಳ ನಡುವಿನವರೆಗೂ ಇಳಿದಿರುತ್ತದೆ. ಇದನ್ನು 'ಲಿಪ್ ಟೈ' ಎನ್ನುತ್ತಾರೆ. ಮೊಬೈಲಿನಲ್ಲಿ ಇದರ ವೀಡಿಯೊ ನೋಡಿ ಗಾಬರಿಯಾಗುವ ತಾಯಂದಿರು ಈಗ ಕಡಿಮೆಯಿಲ್ಲ.

ಬ್ರಹ್ಮಗಿರಿಯ ಆಸುಪಾಸಿನ ಹಳ್ಳಿಗಳಿಂದ ಮಗುವನ್ನು ಎತ್ತಿಕೊಂಡು ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಆದ್ದರಿಂದ ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಬೇಡ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಹಾಲು ಕುಡಿಯಲು ತೊಂದರೆಯೇ?

ತುಟಿಯ ಪೊರೆ ಕತ್ತರಿಸಿದರೆ ಎದೆಹಾಲು ಕುಡಿಯುವುದು ಸುಧಾರಿಸುತ್ತದೆ ಎಂಬುದಕ್ಕೆ ಸರಿಯಾದ ಆಧಾರವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವು 2024ರ ವರದಿಯಲ್ಲಿ ಈ ಪೊರೆಯನ್ನು ಸಹಜವೆಂದೇ ಪರಿಗಣಿಸಿದೆ. ಮಗುವಿನ ತೂಕ ಏರದಿದ್ದರೆ, ಮೊಲೆತೊಟ್ಟು ಬಿರಿದು ನೋಯುತ್ತಿದ್ದರೆ, ಮೊದಲು ಮಗುವನ್ನು ಹಿಡಿದುಕೊಳ್ಳುವ ರೀತಿಯನ್ನು ದಾದಿಗೆ ತೋರಿಸಿ. ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿರುವುದು ಬೇರೆಯೇ ವಿಷಯ. ಅದನ್ನು ವೈದ್ಯರೇ ಪರೀಕ್ಷಿಸಲಿ.

ಮಾತು, ಹಲ್ಲು

ಮಾತು ತಡವಾದರೆ ತುಟಿಯ ಪೊರೆಯನ್ನು ದೂರಬೇಡಿ, ಮೊದಲು ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷೆ ಮಾಡಿಸಿ. ಹಾಲುಹಲ್ಲುಗಳ ನಡುವಿನ ಸಂದಿಗೂ ಹೆದರಬೇಕಿಲ್ಲ. ಮಗು ಬೆಳೆದಂತೆ ಪೊರೆ ಮೇಲಕ್ಕೆ ಸರಿಯುತ್ತದೆ. ಸುಮಾರು 11-12 ವರ್ಷಕ್ಕೆ ಕೋರೆಹಲ್ಲುಗಳು ಬಂದಾಗ ಹೆಚ್ಚಿನ ಮಕ್ಕಳಲ್ಲಿ ಸಂದಿ ಮುಚ್ಚಿಕೊಳ್ಳುತ್ತದೆ. ಆಮೇಲೂ ಉಳಿದರೆ ಮೊದಲು ತಂತಿ ಹಾಕಿ ಹಲ್ಲು ಸರಿಪಡಿಸಿ, ನಂತರವೇ ಅಗತ್ಯವಿದ್ದರೆ ಪೊರೆಯನ್ನು ತೆಗೆಯುವುದು ವಾಡಿಕೆ.

ಹಲ್ಲು ಹುಳುಕಾಗುವುದಕ್ಕೆ ದೊಡ್ಡ ಕಾರಣ ರಾತ್ರಿ ಬಾಯಲ್ಲೇ ಬಿಡುವ ಸಕ್ಕರೆ ಹಾಲಿನ ಬಾಟಲಿ. ಅದನ್ನು ನಿಲ್ಲಿಸಿ. ತುಟಿಯನ್ನು ಬೆರಳಿನಿಂದ ಎತ್ತಿ ಹಿಡಿದು ದಿನಕ್ಕೆ ಎರಡು ಬಾರಿ ಹಲ್ಲುಜ್ಜಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು.

ಬಿದ್ದು ಪೊರೆ ಹರಿದರೆ

ನಡೆಯಲು ಕಲಿಯುವಾಗ ಮಕ್ಕಳು ಬೀಳುತ್ತಾರೆ, ಪೊರೆ ಹರಿದು ರಕ್ತ ಬರುತ್ತದೆ. ಶುದ್ಧ ಬಟ್ಟೆಯಿಂದ ತುಟಿಯನ್ನು ಹಲ್ಲಿನ ಮೇಲೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ತುಟಿಯನ್ನು ಮತ್ತೆ ಮತ್ತೆ ಎತ್ತಿ ನೋಡಬೇಡಿ, ರಕ್ತ ಪುನಃ ಬರುತ್ತದೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ರಕ್ತ ನಿಲ್ಲದಿದ್ದರೆ, ಹಲ್ಲು ಅಲುಗಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೂ ನಡೆಯದ ಹಸುಗೂಸಿನ ಪೊರೆ ಹರಿದಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಎಲ್ಲಿ ಕೇಳಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬಂದು ಮಕ್ಕಳನ್ನು ಉಚಿತವಾಗಿ ಪರೀಕ್ಷಿಸಬೇಕು. ಅವರು ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಲ್ಲಿ ವಿಚಾರಿಸಿ, ಮಗುವಿನ ಬಾಯಿಯನ್ನೂ ತೋರಿಸಿ. ಯಾರಾದರೂ ಲೇಸರ್‌ನಿಂದ ಕತ್ತರಿಸೋಣ ಎಂದರೆ, 'ಏಕೆ? ಕಾದರೆ ಏನಾಗುತ್ತದೆ?' ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.