ಮಣ್ಣಲ್ಲಿ ಬೂಷ್ಟು, ಮೈಯಲ್ಲಿ ಯೀಸ್ಟ್

ರೆಸ್ಟನ್‌ನಿಂದ ಮಾತಾಡ್ತಾ ಇದ್ದೀವಿ. ಇವತ್ತಿನ ವಿಷಯ ಎರಡು ರೂಪದಲ್ಲಿ ಬದುಕುವ ಒಂದು ಶಿಲೀಂಧ್ರ: ಹಿಸ್ಟೋಪ್ಲಾಸ್ಮಾ ಕ್ಯಾಪ್ಸುಲೇಟಮ್. ಇದರಿಂದ ಬರುವ ಕಾಯಿಲೆ ಹಿಸ್ಟೋಪ್ಲಾಸ್ಮೋಸಿಸ್.

ಹಕ್ಕಿಗಳ, ಬಾವಲಿಗಳ ಹಿಕ್ಕೆ ಬೆರೆತ ಮಣ್ಣು ಇದರ ಮನೆ. ಅಲ್ಲಿ ಇದು ಬೂಷ್ಟು, ಅಂದರೆ ಸಣ್ಣ ಎಳೆಗಳ ಜಾಲ. ಈ ಎಳೆಗಳಿಂದ ಯಾವ ಕೂಡುವಿಕೆಯೂ ಇಲ್ಲದೆ ಬೀಜಾಣುಗಳು ಹುಟ್ಟುತ್ತವೆ. ಚಿಕ್ಕವು 2ರಿಂದ 5 ಮೈಕ್ರಾನ್ ಅಷ್ಟೇ. ಹಳೇ ಕೋಳಿಗೂಡು ಗುಡಿಸಿದಾಗ ಏಳುವ ಧೂಳಿನ ಜೊತೆ ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಒಳಗೆ ಹೋದ ಮೇಲೆ ರೂಪ ಬದಲಾಗುತ್ತೆ. ಅದಕ್ಕೆ ಮುಖ್ಯ ಸೂಚನೆ ನಮ್ಮ ಮೈ ಬಿಸಿ. ಪ್ರಯೋಗಾಲಯದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಬೂಷ್ಟು, 37ಕ್ಕೆ ಏರಿಸಿದರೆ ಯೀಸ್ಟ್. ಮ್ಯಾಕ್ರೋಫೇಜ್ ಎಂಬ ನಮ್ಮ ರಕ್ಷಣಾ ಕೋಶ ಇದನ್ನು ನುಂಗುತ್ತೆ. ಆದರೆ ಯೀಸ್ಟ್ ಆ ಕೋಶದೊಳಗೇ ಮೊಗ್ಗೊಡೆದು, ಒಂದು ಎರಡಾಗಿ ಹೆಚ್ಚುತ್ತೆ.

ಸ್ಯಾಮ್ಯುಯೆಲ್ ಡಾರ್ಲಿಂಗ್ 1905ರಲ್ಲಿ ಪನಾಮಾದಲ್ಲಿ ಕಂಡದ್ದು ಈ ಯೀಸ್ಟ್ ರೂಪವನ್ನೇ. ಅದನ್ನು ಅವರು ಪ್ರೋಟೊಜೋವಾ ಅಂದುಕೊಂಡರು. ಇದು ಎರಡು ರೂಪದ ಶಿಲೀಂಧ್ರ ಅಂತ ಡಿಮಾನ್‌ಬ್ರೂನ್ 1934ರಲ್ಲಿ ತೋರಿಸಿದರು. ಮುಂದಿನ ಕಥೆ ನಮ್ಮ ಹತ್ತಿರದ್ದೇ. ಬೆಥೆಸ್ಡಾದ ಎನ್‌ಐಎಚ್‌ನ ಚೆಸ್ಟರ್ ಎಮನ್ಸ್ 1949ರಲ್ಲಿ ವರ್ಜೀನಿಯಾದ ಮಣ್ಣಿನಿಂದ ಇದನ್ನು ಬೇರ್ಪಡಿಸಿದರು. 1972ರಲ್ಲಿ ಅದೇ ಸಂಸ್ಥೆಯ ಜೂನ್ ಕ್ವಾನ್-ಚಂಗ್ ಇದರ ಲೈಂಗಿಕ ಹಂತವನ್ನು ಕಂಡುಹಿಡಿದರು. ಪ್ಲಸ್, ಮೈನಸ್ ಎಂಬ ಎರಡು ಬಗೆಯ ಬೂಷ್ಟುಗಳು ಸಂಧಿಸಿದರೆ ಮಾತ್ರ ಆ ಹಂತ. ಎಮನ್ಸ್ ಗೌರವಾರ್ಥ ಅದಕ್ಕೆ ಎಮನ್ಸಿಯೆಲ್ಲಾ ಎಂಬ ಹೆಸರಿಟ್ಟರು.

ಗಮನಿಸಿ: ಗಾಳಿಯಲ್ಲಿ ಹಾರುವ ಬೀಜಾಣು ಹುಟ್ಟುವುದು ಬೂಷ್ಟಿನಿಂದ, ಯೀಸ್ಟಿನಿಂದಲ್ಲ. ಹಾಗಾಗಿ ರೋಗಿಯ ಕೆಮ್ಮಿನಿಂದ ಇದು ಪಕ್ಕದವರಿಗೆ ಹರಡಲ್ಲ. ಮನೆಯವರು ರೋಗಿಯಿಂದ ದೂರ ಇರಬೇಕಾಗಿಲ್ಲ, ಎಚ್ಚರ ಬೇಕಾದ್ದು ಧೂಳಿನ ಹತ್ತಿರ.

ಬಹಳಷ್ಟು ಜನರಿಗೆ ಸೋಂಕು ತಗುಲಿದ್ದೇ ಗೊತ್ತಾಗಲ್ಲ. ಆದರೆ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇದು ಮೈಯೆಲ್ಲಾ ಹರಡಿ ಜೀವಕ್ಕೇ ಅಪಾಯವಾಗಬಹುದು. ಸಂಧಿವಾತಕ್ಕೆ ಕೊಡುವ ಟಿಎನ್‌ಎಫ್ ತಡೆಯುವ ಔಷಧಿಗಳ ಬಗ್ಗೆ ಎಫ್‌ಡಿಎ 2008ರಲ್ಲಿ ಇದೇ ಕಾರಣಕ್ಕೆ ಎಚ್ಚರಿಸಿತ್ತು. ಎಕ್ಸ್‌ರೇಯಲ್ಲಿ ಇದು ಟಿಬಿ ಥರ ಕಾಣಬಹುದು. ಟಿಬಿ ಮಾತ್ರೆ ಇದಕ್ಕೆ ನಾಟಲ್ಲ, ಶಿಲೀಂಧ್ರಕ್ಕೆ ಇಟ್ರಾಕೊನಜೋಲ್‌ನಂಥ ಬೇರೆಯದೇ ಔಷಧಿ ಬೇಕು.

ಆದ್ದರಿಂದ ಕೋಳಿಗೂಡು, ಬಾವಲಿ ಸೇರಿಕೊಂಡ ಅಟ್ಟ ಇವನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಹಿಕ್ಕೆ ರಾಶಿ ಬಿದ್ದಿದ್ದರೆ ಆ ಕೆಲಸ ಬಲ್ಲವರನ್ನೇ ಕರೆಸಿ. ಆಮೇಲೆ ಜ್ವರ, ಕೆಮ್ಮು ಬಿಡದಿದ್ದರೆ ಡಾಕ್ಟರಿಗೆ ಆ ಧೂಳಿನ ವಿಷಯ ನೀವಾಗಿಯೇ ಹೇಳಿ. ಅವರು ಕೇಳದೇ ಇರಬಹುದು.