ಕಾರು ನಿಲ್ಲುವ ಜಾಗದಿಂದ ಮುಂದಿನ ಯಾಣ

ಯಾಣಕ್ಕೆ ಹೊರಟವರು ಈಗ ಮೊದಲು ಕೇಳುವುದು ಒಂದೇ ಮಾತು: ‘ಕಾರು ಎಲ್ಲೀತನಕ ಹೋಗ್ತದೆ?’ ಮಂಡಿನೋವಿನ ಅತ್ತೆ, ನಾಲ್ಕು ವರ್ಷದ ಮಗು, ನಡೆದು ರೂಢಿಯಿಲ್ಲದ ಬೆಂಗಳೂರಿನ ನೆಂಟರು ಎಲ್ಲರೂ ಒಂದೇ ಗಾಡಿಯಲ್ಲಿರುವಾಗ ಈ ಪ್ರಶ್ನೆ ಬಾರದೆ ಇರುವುದೂ ಇಲ್ಲ. ಉತ್ತರ ಸಮಾಧಾನ ಕೊಡುವಂಥದ್ದೇ. ಶಿರಸಿಯಿಂದ ಸುಮಾರು 40 ಕಿ.ಮೀ., ಕುಮಟೆಯಿಂದ ಸುಮಾರು 30 ಕಿ.ಮೀ. ಗಾಡಿಯಲ್ಲಿ ಹೋದರೆ, ಅಲ್ಲಿಂದ ಕಾಡಿನೊಳಗೆ ಅರ್ಧ ಕಿಲೋಮೀಟರಿನಷ್ಟು ನಡಿಗೆ, ಕೊನೆಯಲ್ಲಿ ಮೆಟ್ಟಿಲು. ಚಾರಣವೆಂದು ಹೇಳಿಕೊಂಡು ಬೀಗಲು ಇದು ಸಾಲದು. ಆದರೆ ಆ ಅರ್ಧ ಕಿಲೋಮೀಟರಿನ ಕೊನೆಗೆ ನಿಂತಿರುವ ಬಂಡೆ 120 ಮೀಟರ್ ಎತ್ತರದ್ದು. ಇದೇ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಲ್ಲಿ ಕತ್ತೆತ್ತಿ ನೋಡುವ 123 ಅಡಿಯ ಶಿವನನ್ನು ಒಂದರ ಮೇಲೊಂದರಂತೆ ಮೂರು ಸಲ ನಿಲ್ಲಿಸಿದರೂ ಇದರ ನೆತ್ತಿ ಸಿಗದು.

ದೊಡ್ಡದು ಭೈರವೇಶ್ವರ ಶಿಖರ. ಪಕ್ಕದ ಮೋಹಿನಿ ಶಿಖರ 90 ಮೀಟರ್. ಸುತ್ತಲ ಕಾಡಿನಲ್ಲಿ ಇದೇ ಜಾತಿಯ ಸಣ್ಣಪುಟ್ಟ ಬಂಡೆಗಳು ಇನ್ನೂ ಎಷ್ಟೋ ಇವೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಈ ಊರಿನಲ್ಲಿ ಮನೆಗಳು ಕೆಲವೇ. ಉಳಿದದ್ದು ಅಡಿಕೆ ತೋಟ, ಸೊಪ್ಪಿನ ಬೆಟ್ಟ ಮತ್ತು ಕಾಡು.

ಸೊಕ್ಕಿದ್ದವರ ದಾರಿ

‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬ ಗಾದೆ ಶಿರಸಿ, ಕುಮಟೆ, ಸಿದ್ದಾಪುರದ ಕಡೆ ಹಳಬರ ಬಾಯಲ್ಲಿ ಈಗಲೂ ಇದೆ. ಗೋಕರ್ಣ ಕ್ಷೇತ್ರ. ಅಲ್ಲಿ ಪೂಜೆ, ಪಿತೃಕಾರ್ಯ, ದಕ್ಷಿಣೆ ಎಂದು ಕೈ ಖಾಲಿಯಾಗುತ್ತದೆ. ಯಾಣಕ್ಕೆ ದುಡ್ಡು ಬೇಕಿಲ್ಲ, ಮೈಯಲ್ಲಿ ಕಸುವಿರಬೇಕು, ಹುಲಿ ಕರಡಿಗೆ ಹೆದರದ ಎದೆಯಿರಬೇಕು. ಘಟ್ಟದ ಕಾಡಿನಲ್ಲಿ ಮೈಲುಗಟ್ಟಲೆ ನಡೆದು, ಹೊಳೆ ದಾಟಿ, ಉಂಬಳ ಕಿತ್ತುಹಾಕುತ್ತ ಹೋಗಬೇಕಿದ್ದ ಕಾಲದ ಮಾತು ಅದು. ಆಗಲೂ ಶಿವರಾತ್ರಿ ಬಂತೆಂದರೆ ಜನ ಹೋಗುತ್ತಿದ್ದರು, ಬುತ್ತಿ ಕಟ್ಟಿಕೊಂಡು, ಗುಂಪು ಕಟ್ಟಿಕೊಂಡು.

ತೊಂಬತ್ತರ ದಶಕದಲ್ಲಿ ಸುನೀಲ್‌ಕುಮಾರ್ ದೇಸಾಯಿ ‘ನಮ್ಮೂರ ಮಂದಾರ ಹೂವೆ’ ಚಿತ್ರಕ್ಕೆ ಕ್ಯಾಮೆರಾ ಹೊತ್ತು ಇಲ್ಲಿಗೆ ಬಂದರು. ಶಿವರಾಜ್‌ಕುಮಾರ್, ರಮೇಶ್, ಪ್ರೇಮಾ ಇದ್ದ ಆ ಚಿತ್ರದ ಮೂಲಕ ಮೈಸೂರು, ಮಂಡ್ಯ, ಕೋಲಾರದವರೂ ಯಾಣವನ್ನು ಕಂಡರು. ಪರದೆಯ ಮೇಲೆ ಕಂಡದ್ದನ್ನು ಕಣ್ಣಾರೆ ನೋಡಬೇಕೆಂದು ಹೊರಟವರಿಗೆ ಗಾದೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿ ಕುಮಟೆ ದೂರದವರಿಗೂ ಹತ್ತಿರವಾಯಿತು. ಕ್ರಮೇಣ ರಸ್ತೆ ಕಾಡಿನ ಬಾಗಿಲ ತನಕ ಬಂತು, ಕಾಲುದಾರಿಗೆ ಕಲ್ಲು ಹಾಸಲಾಯಿತು, ಏರಿಗೆ ಮೆಟ್ಟಿಲು ಕಟ್ಟಲಾಯಿತು. ಒಂದು ತಲೆಮಾರಿನೊಳಗೆ ಯಾಣ ಸಾಹಸಿಗರ ಕೈಯಿಂದ ಸಂಸಾರವಂದಿಗರ ಕೈಗೆ ಬಂತು.

ಇದನ್ನು ಕೆಲವರು ನಷ್ಟವೆಂದು ಹೇಳುತ್ತಾರೆ. ಕಷ್ಟಪಟ್ಟು ನಡೆದಾಗ ಸಿಗುತ್ತಿದ್ದ ರೋಮಾಂಚನ ಈಗೆಲ್ಲಿ ಎಂಬ ವರಸೆ. ಈ ಕೊರಗು ಹೆಚ್ಚಾಗಿ ಗಟ್ಟಿ ಕಾಲಿನವರದು. ಅದೇ ದಾರಿಯಲ್ಲಿ, ಮೆಟ್ಟಿಲ ಬದಿಯ ಕಟ್ಟೆಯ ಮೇಲೆ ಕೂತ ಒಬ್ಬ ಅಜ್ಜಿಯನ್ನು ನೋಡಿದೆ. ನೂಲಿನ ಸೀರೆ, ಕೈಯಲ್ಲಿ ಊರುಗೋಲು. ‘ಅಮ್ಮಮ್ಮ, ಸಾಕಾತಾ?’ ಎಂದು ಮೊಮ್ಮಗಳು ಕೇಳಿದಳು. ‘ಅಡ್ಡಿಲ್ಲೆ, ನಿಧಾನಕ್ಕೆ ಹೋಪನ’ ಎಂದು ಅಜ್ಜಿ ಸೀರೆ ನೆರಿಗೆ ಸರಿಮಾಡಿಕೊಂಡು ಎದ್ದರು. ಎರಡು ಮೆಟ್ಟಿಲು ಹತ್ತುವುದು, ನಿಲ್ಲುವುದು, ಮರ ನೋಡುವುದು, ಮತ್ತೆರಡು ಹತ್ತುವುದು. ಹಳೆಯ ದಾರಿಯೇ ಇದ್ದಿದ್ದರೆ ಆ ವಯಸ್ಸಿನಲ್ಲಿ ಅವರು ಅಲ್ಲಿ ಇರುತ್ತಿರಲಿಲ್ಲ.

ಸುಟ್ಟರೆ ಬಿಳಿ, ನಿಂತರೆ ಕರಿ

ಕಪ್ಪು ಬಂಡೆ ಕಂಡರೆ ಕರ್ನಾಟಕದವರಿಗೆ ನೆನಪಾಗುವುದು ಗ್ರಾನೈಟು. ಕರಾವಳಿಯವರಿಗೆ ಕಲ್ಲೆಂದರೆ ಮನೆ ಕಟ್ಟುವ ಕೆಂಪು ಚಿರೇಕಲ್ಲು. ಯಾಣದ್ದು ಎರಡೂ ಅಲ್ಲ, ಸುಣ್ಣಕಲ್ಲು. ಭೂವಿಜ್ಞಾನಿಗಳು ‘ಧಾರವಾಡ’ ಎಂದು ಹೆಸರಿಟ್ಟಿರುವ ಪುರಾತನ ಶಿಲಾಸಮೂಹದ ಸೀಮೆ ಇದು. ಆ ಶಿಲೆಗಳ ವಯಸ್ಸನ್ನು ಎಣಿಸುವುದು ಇನ್ನೂರೈವತ್ತು ಕೋಟಿ ವರ್ಷಗಳ ಆಚೆಗೆ.

ಈ ಆಕಾರ ಕೊಟ್ಟದ್ದು ಮಳೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮಳೆಹನಿ ಒಂದಿಷ್ಟು ಹೀರಿಕೊಳ್ಳುತ್ತದೆ. ಕಾಡಿನ ನೆಲದಲ್ಲಿ ಕೊಳೆಯುವ ತರಗೆಲೆಯ ನಡುವೆ ಇಳಿಯುವಾಗ ಇನ್ನಷ್ಟು. ಹಾಗೆ ಹುಟ್ಟುವ ಕಾರ್ಬಾನಿಕ್ ಆಮ್ಲ ನಾಲಿಗೆಗೆ ಹುಳಿ ಹತ್ತದಷ್ಟು ಸೌಮ್ಯ. ಗ್ರಾನೈಟಿಗೆ ಅದರಿಂದ ಆಗುವುದು ಅಷ್ಟಕ್ಕಷ್ಟೆ, ಸುಣ್ಣಕಲ್ಲು ಮಾತ್ರ ಕರಗುತ್ತದೆ. ಬಂಡೆಯ ಬಿರುಕಿಗೆ ನೀರು ಇಳಿದು ಬಿರುಕನ್ನು ಸೀಳಾಗಿಸುತ್ತದೆ, ಸೀಳನ್ನು ಗುಹೆಯಾಗಿಸುತ್ತದೆ. ಹೊರಮೈಯಲ್ಲಿ ಇಳಿದು ಗೀರು, ಚೂಪು, ಅಲಗು ಮೂಡಿಸುತ್ತದೆ. ಭೂವಿಜ್ಞಾನದಲ್ಲಿ ಇಂಥ ನೆಲಕ್ಕೆ ಕಾರ್ಸ್ಟ್ ಎನ್ನುತ್ತಾರೆ. ಘಟ್ಟದ ಮಳೆಗಾಲ ವರ್ಷವರ್ಷವೂ ತಪ್ಪದೆ ಮಾಡಿದ ಕೆಲಸ ಇದು, ಈಗಲೂ ನಡೆಯುತ್ತಿದೆ. ಇದೇ ಜಿಲ್ಲೆಯ ದಾಂಡೇಲಿ ಬಳಿಯ ಕವಳಾ ಗುಹೆಯಲ್ಲಿ ಲಿಂಗದಂತೆ ಎದ್ದಿರುವ ಸುಣ್ಣದ ಕಂಬ ಇನ್ನೊಂದು ಬಗೆಯದು. ಅಲ್ಲಿ ನೀರು ಕರಗಿಸಿ ತಂದ ಸುಣ್ಣವನ್ನು ಹನಿಹನಿಯಾಗಿ ಇಳಿಸಿ ಕಟ್ಟಿದೆ.

ಯಾಣದ ಬಂಡೆಯ ಕಥೆಯನ್ನು ಸ್ಥಳಪುರಾಣ ಬೇರೆ ರೀತಿ ಹೇಳುತ್ತದೆ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕೆಂದು ಭಸ್ಮಾಸುರ ಶಿವನಿಂದ ವರ ಪಡೆದ. ವರವನ್ನು ಕೊಟ್ಟವನ ತಲೆಯ ಮೇಲೆಯೇ ಪರೀಕ್ಷಿಸಲು ಬೆನ್ನಟ್ಟಿದ. ವಿಷ್ಣು ಮೋಹಿನಿಯಾಗಿ ಬಂದು, ಕುಣಿತದಲ್ಲಿ ಸೋಲಿಸುವ ನೆಪದಲ್ಲಿ ಅಸುರನ ಕೈ ಅವನ ತಲೆಯ ಮೇಲೇ ಬೀಳುವಂತೆ ಮಾಡಿದ. ಯಕ್ಷಗಾನ ನೋಡಿ ಬೆಳೆದ ಸೀಮೆಯಲ್ಲಿ ಈ ಕುಣಿತವನ್ನು ಬಿಡಿಸಿ ಹೇಳಬೇಕಿಲ್ಲ. ಆ ಉರಿಯಲ್ಲಿ ಬಂಡೆ ಕರಿಯಾಯಿತು, ಸುತ್ತಲಿನ ಕಪ್ಪು ಮಣ್ಣು ಅಸುರನ ಬೂದಿ ಎಂಬುದು ನಂಬಿಕೆ. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ವಿಭೂತಿ ಜಲಪಾತಕ್ಕೂ ಇದೇ ಕಥೆಯ ನಂಟು. ವಾಸ್ತವದಲ್ಲಿ ಸುಣ್ಣಕಲ್ಲನ್ನು ಸುಟ್ಟರೆ ಸಿಗುವುದು ಬಿಳಿ ಪುಡಿ, ಎಲೆಅಡಿಕೆಗೆ ಹಚ್ಚುವ ಸುಣ್ಣ. ಬೆಂಕಿಯಲ್ಲಿ ಬೆಳ್ಳಗಾಗುವ ಕಲ್ಲಿಗೇ ಸುಟ್ಟು ಕರಿಯಾದ ಕಥೆ ಅಂಟಿಕೊಂಡಿದೆ. ಬೂದಿ ಮತ್ತು ಬೆಂಕಿ ಎರಡೂ ಕಥೆಯೊಳಗೆ ಬಂದುಬಿಟ್ಟಿವೆ, ಬಣ್ಣ ಮಾತ್ರ ಅದಲು ಬದಲು.

ಬಂಡೆಯ ಹೊಟ್ಟೆಯೊಳಗೆ

ಮೆಟ್ಟಿಲು ಮುಗಿದಲ್ಲಿ ಭೈರವೇಶ್ವರನ ಗುಡಿ. ಬಂಡೆಯ ಬುಡದಲ್ಲೇ ಸ್ವಯಂಭು ಲಿಂಗ, ಮೇಲಿನ ಕಲ್ಲಿನಿಂದ ಅದರ ಮೇಲೆ ನೀರು ಜಿನುಗುತ್ತದೆ. ಭಕ್ತರಿಗೆ ಅದು ಗಂಗೋದ್ಭವ. ಬಿರುಕಿನಲ್ಲಿ ಇಳಿದ ಮಳೆನೀರೇ ಇಲ್ಲಿ ಅಭಿಷೇಕವಾಗಿದೆ ಎಂದರೆ ಯಾರ ನಂಬಿಕೆಗೂ ಕುಂದಿಲ್ಲ.

ಇಲ್ಲಿ ಚಪ್ಪಲಿ ಬಿಟ್ಟು ಬಂಡೆಯ ಸೀಳಿನೊಳಗೆ ಹೋಗಬೇಕು. ಹೊರಗಿನ ಧಗೆ ಎರಡು ಹೆಜ್ಜೆಯೊಳಗೆ ಇಳಿಯುತ್ತದೆ. ಗೋಡೆ ಕೈಗೆ ತಣ್ಣಗೆ, ಒರಟಾಗಿ, ಕೆಲವೆಡೆ ಒದ್ದೆಯಾಗಿ ಸಿಗುತ್ತದೆ. ನೆಲದ ಕಲ್ಲು ಮಾತ್ರ ಸಾವಿರಾರು ಬರಿಗಾಲು ಸವೆಸಿದ್ದರಿಂದ ನುಣುಪು, ನೀರು ಬಿದ್ದರೆ ಜಾರುತ್ತದೆ. ಮೇಲೆ ನೋಡಿದರೆ ಎರಡು ಕರಿ ಗೋಡೆಗಳ ನಡುವೆ ಆಕಾಶದ ಒಂದು ಪಟ್ಟಿ. ಬಂಡೆಯ ಎತ್ತರ ಹೊರಗಿಂದ ನೋಡಿದಾಗ ಲೆಕ್ಕಕ್ಕಷ್ಟೇ ಸಿಗುತ್ತದೆ. ಒಳಗೆ ನಿಂತಾಗ ಕುತ್ತಿಗೆಗೆ ಗೊತ್ತಾಗುತ್ತದೆ.

ಹೊರಮೈಯ ಚಾಚುಗಳಲ್ಲಿ ಹೆಜ್ಜೇನಿನ ಹಲ್ಲೆಗಳು ತೂಗುತ್ತವೆ. ಕೆಳಗೆ ನಿಂತು ಕೂಗುವುದು, ಕಲ್ಲೆಸೆಯುವುದು, ಹೊಗೆ ಹಾಕುವುದು ಅಪಾಯ. ಹೆಜ್ಜೇನು ಎದ್ದರೆ ತಪ್ಪು ಮಾಡಿದವನನ್ನು ಹುಡುಕುವುದಿಲ್ಲ, ಮೆಟ್ಟಿಲ ಮೇಲಿರುವ ಎಲ್ಲರನ್ನೂ ಅಟ್ಟಿಸಿಕೊಂಡು ಬರುತ್ತದೆ. ಓಡಲಾಗದ ವಯಸ್ಸಿನವರೂ ಈ ದಾರಿಯಲ್ಲಿ ಇರುತ್ತಾರೆಂಬುದನ್ನು ನೆನಪಿಡಬೇಕು.

ಬಂಡೆಯ ಸುತ್ತಿನ ನೀರು ಚಂಡಿಹೊಳೆಗೆ, ಚಂಡಿಹೊಳೆ ಅಘನಾಶಿನಿಗೆ. ಶಿರಸಿಯಲ್ಲಿ ಹುಟ್ಟಿ ಕುಮಟೆಯ ಬಳಿ ಕಡಲು ಸೇರುವ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಕೆಸರಿನಲ್ಲಿ ಕೂತು ಬೆಳಚು ಆರಿಸುತ್ತಾರೆ. ಬೆಳಚಿನ ಚಿಪ್ಪೂ ಯಾಣದ ಬಂಡೆಯೂ ಮೂಲದಲ್ಲಿ ಒಂದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟು. ಘಟ್ಟದಲ್ಲಿ ಕರಗುತ್ತಿರುವುದೇ ಕಡಲಂಚಿನಲ್ಲಿ ಗಟ್ಟಿಯಾಗುತ್ತಿದೆ.

ಎಲ್ಲಿ ನಿಲ್ಲಬೇಕು?

ಸುಲಭದ ದಾರಿ ಒಳ್ಳೆಯದೆಂದರೆ ಅದನ್ನು ಇನ್ನೂ ಸುಲಭ ಮಾಡಬಾರದೇಕೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಇನ್ನಷ್ಟು ಅಗಲದ ರಸ್ತೆ, ಗುಡಿಯ ತನಕ ಗಾಡಿ, ಮೇಲೊಂದು ಹೋಟೆಲು. ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಲಾರಿ, ಜೀವ ಎಲ್ಲವೂ ಮಣ್ಣಿನ, ಗಂಗಾವಳಿ ನದಿಯ ಪಾಲಾದವು. ಹೆದ್ದಾರಿ ಅಗಲಿಸಲು ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದ್ದರ ಬಗ್ಗೆ ಆಗ ದೊಡ್ಡ ಚರ್ಚೆ ನಡೆಯಿತು. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲೂ ಮಳೆಗಾಲದಲ್ಲಿ ಮಣ್ಣು ಜಾರುತ್ತದೆ. ಘಟ್ಟದ ಇಳಿಜಾರಿನಲ್ಲಿ ಅಗಲಿಸಿದ ಪ್ರತಿ ಮೀಟರಿಗೂ ಗುಡ್ಡ ಲೆಕ್ಕ ಇಟ್ಟುಕೊಳ್ಳುತ್ತದೆ.

ಕಾಡಿನ ಪರ ಎದ್ದು ನಿಲ್ಲುವುದು ಈ ಸೀಮೆಗೆ ಹೊಸತಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಪಾಂಡುರಂಗ ಹೆಗಡೆಯವರ ಮುಂದಾಳ್ತನದ ಆ ಅಪ್ಪಿಕೋ ಚಳವಳಿ ಆಮೇಲೆ ಮಲೆನಾಡಿನ ಬೇರೆ ಕಡೆಗೂ ಹಬ್ಬಿತು. ಅವರು ಕಾಡಿಗೆ ಕಾಲಿಡಬೇಡಿ ಎನ್ನಲಿಲ್ಲ. ತರಗು, ಸೊಪ್ಪು, ಜೇನು, ಉಪ್ಪಾಗೆ, ಮುರುಗಲು ಎಲ್ಲವೂ ಕಾಡಿನಿಂದಲೇ ಬರುವ ಮನೆಗಳು ಅವು. ಎಷ್ಟರಲ್ಲಿ ನಿಲ್ಲಬೇಕೆಂಬುದು ಅವರ ಪ್ರಶ್ನೆಯಾಗಿತ್ತು.

ಯಾಣದ ದಾರಿ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಸರಿಯಾದ ಜಾಗದಲ್ಲೇ ನಿಂತಿದೆ. ಬಹುಪಾಲು ಜನ ನಡೆಯಬಲ್ಲಷ್ಟು ಹತ್ತಿರ, ಗಾಡಿಯ ಹಾರ್ನು ಗುಡಿಗೆ ಕೇಳಿಸದಷ್ಟು ದೂರ. ನಡೆಯಲಾರದವರಿಗೆ ಮೆಟ್ಟಿಲು ಈಗಲೂ ತಡೆಯೇ, ಗಾಲಿಕುರ್ಚಿ ಮೇಲೆ ಹೋಗದು. ಅವರಿಗಾಗಿ ಮಾಡಬೇಕಾದ ಕೆಲಸವಿದೆ. ಕೆಳಗಿನ ಹಾದಿ ಸಮತಟ್ಟಾಗಿರಬೇಕು, ಹಿಡಿಕೆ ಗಟ್ಟಿಯಾಗಿರಬೇಕು, ಕೂರಲು ಕಟ್ಟೆ, ಕುಡಿಯಲು ನೀರು, ಬಳಸುವಂಥ ಶೌಚಾಲಯ ಬೇಕು. ಇದಾವುದಕ್ಕೂ ಗುಡ್ಡ ಕಡಿಯಬೇಕಿಲ್ಲ.

ಹೋಗುವವರಿಗೆ ಅಕ್ಟೋಬರಿನಿಂದ ಫೆಬ್ರುವರಿ ತನಕದ ಕಾಲ ಅನುಕೂಲ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಉಂಬಳ ಬಿಡುವುದಿಲ್ಲ, ಘಟ್ಟದ ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಬೇಕು. ಶಿವರಾತ್ರಿಯಲ್ಲಿ ಜಾತ್ರೆಯ ಸಂದಣಿ, ಅದು ಬೇಕಾದವರು ಆಗ ಹೋಗಲಿ. ಬಸ್ಸು ವಿರಳ, ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಶಿರಸಿಯಲ್ಲೋ ಕುಮಟೆಯಲ್ಲೋ ಇರಬಹುದು. ನೀರಿನ ಬಾಟಲಿ ಒಯ್ದವರು ಖಾಲಿ ಬಾಟಲಿಯನ್ನೂ ಹೊತ್ತು ತರಬೇಕು.

ಹಿಂದೆ ಯಾಣವನ್ನು ಕಾಯುತ್ತಿದ್ದುದು ದಾರಿಯ ಕಷ್ಟ. ಮೈಲುಗಟ್ಟಲೆ ನಡೆಯಲಾರದವರು ಬರುತ್ತಿರಲಿಲ್ಲ, ಬಂದವರು ಕೆಲವರೇ ಆದ್ದರಿಂದ ಅವರ ಕಸವೂ ಗದ್ದಲವೂ ಕಾಡಿಗೆ ಭಾರವಾಗುತ್ತಿರಲಿಲ್ಲ. ಆ ಕಾವಲನ್ನು ನಾವೇ ತೆಗೆದಿದ್ದೇವೆ, ತೆಗೆದದ್ದು ಸರಿಯೂ ಹೌದು. ಅದರ ಜಾಗಕ್ಕೆ ಈಗ ಬಂದಿರುವುದು ಬರುವವರ ನಡತೆ ಮತ್ತು ಆಳುವವರ ಸಂಯಮ. ಕಾರು ಎಲ್ಲಿತನಕ ಹೋಗಬಹುದು ಎಂಬುದನ್ನು ತೀರ್ಮಾನಿಸುವವರು ಆ ಅರ್ಧ ಕಿಲೋಮೀಟರನ್ನು ಒಮ್ಮೆ ನಡೆದು ನೋಡಿ ತೀರ್ಮಾನಿಸಲಿ.