ಹೋದವರ ನಾಡಿಗೆ ಬಂದವರು

ಸುಗ್ಗಿ ಮುಗಿದ ಮೇಲೆ ಕುಷ್ಟಗಿ ಬಸ್ ನಿಲ್ದಾಣದ ಸಂಜೆಗಳಲ್ಲಿ ಗಂಟುಮೂಟೆಗಳೇ ಹೆಚ್ಚು. ಜೋಳದ ಹಿಟ್ಟಿನ ಚೀಲ, ಖಾರಪುಡಿಯ ಡಬ್ಬಿ, ಮಡಚಿ ಕಟ್ಟಿದ ಕೌದಿ, ಸಲಿಕೆ, ಬುಟ್ಟಿ. ಕಂಕುಳಲ್ಲಿ ಕೂಸು ಹೊತ್ತ ತಾಯಿ ಮಂಗಳೂರು ಬಸ್ಸಿನ ದಾರಿ ಕಾಯುತ್ತಾಳೆ. "ಹುಷಾರ್ ಇರು ಯವ್ವಾ, ಮುಟ್ಟಿದ ಕೂಡ್ಲೇ ಫೋನ್ ಮಾಡು" ಎನ್ನುತ್ತ ಮುದುಕಿ ಮೊಮ್ಮಗನ ಅಂಗೈಗೆ ಹತ್ತು ರೂಪಾಯಿ ತುರುಕುತ್ತಾಳೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಸೀಮೆಯ ಎರೆ, ಮಸಾರಿ ಹೊಲಗಳಲ್ಲಿ ಬೇಸಿಗೆಗೆ ಕೆಲಸವಿಲ್ಲ. ಆಗ ಗುಳೆ. ಬೆಂಗಳೂರು, ಮಂಗಳೂರು, ಗೋವಾಗಳಲ್ಲಿ ಏಳುವ ಕಟ್ಟಡಗಳಿಗೆ ಕಲ್ಲು, ಮಣ್ಣು ಹೊರುವವರಲ್ಲಿ ಈ ಸೀಮೆಯವರೂ ಇದ್ದಾರೆ.

ಗೋವಾದಲ್ಲಿ ಇಂಥವರಿಗೆ 'ಘಾಟಿ' ಎಂಬ ಹೀಯಾಳಿಕೆ ಕಾದಿರುತ್ತದೆ. ಹೊಲಸು ಮಾಡುವವರು, ಕೂಲಿ ಕಸಿಯುವವರು ಎಂಬ ಮಾತು ಕಿವಿಗೆ ಬೀಳುತ್ತದೆ. ವಾಸ್ಕೋದ ಬೈನಾ ಕಡಲತೀರದಲ್ಲಿ 2004ರಲ್ಲಿ, ಮತ್ತೆ 2015ರಲ್ಲಿ ಮನೆಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದ ಕನ್ನಡಿಗರ ಸುದ್ದಿ ಓದಿ ನಾವೆಲ್ಲ ನೊಂದುಕೊಂಡಿದ್ದೆವು.

ಕುಷ್ಟಗಿಯಿಂದ ಅದೇ ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಗೆ ಹೊರಟರೆ ನೆಲದ ಬಣ್ಣವೇ ಬದಲಾಗುತ್ತದೆ. ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಭತ್ತದ ಹಸಿರು, ಅಕ್ಕಿ ಗಿರಣಿಗಳ ಹೊಗೆ, ತೌಡಿನ ವಾಸನೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ನೀರು ಹಿಡಿದ ಮೇಲೆ ಕರಾವಳಿ ಆಂಧ್ರದ ರೈತ ಕುಟುಂಬಗಳು ಬಂದು ಇಲ್ಲಿ ಹೊಲ ಕೊಂಡವು, ಜಾಲಿ ಕಡಿದವು, ಗದ್ದೆ ಮಾಡಿದವು. ಅವರು ಬಿಡಾರ ಹೂಡಿದ ಜಾಗಗಳು ಇಂದಿಗೂ 'ಕ್ಯಾಂಪು'ಗಳೇ. ಕಡಿಮೆ ಬೆಲೆಗೆ ಹೊಲ ಮಾರಿದವರ ಸಂಕಟ ಸುಳ್ಳಲ್ಲ. ಗಂಗಾವತಿ ಭತ್ತದ ಕಣಜವಾದದ್ದರಲ್ಲಿ ಬಂದವರ ಬೆವರಿದೆ ಎಂಬುದೂ ಸುಳ್ಳಲ್ಲ.

ಈಗ ನಾಟಿಯ ಹಂಗಾಮಿನಲ್ಲಿ ಆ ಕೆಸರಿಗೆ ಇಳಿಯುವವರಲ್ಲಿ ಪಶ್ಚಿಮ ಬಂಗಾಳ, ಬಿಹಾರದ ಕೂಲಿಗಳೂ ಇದ್ದಾರೆ. ಮೊಣಕಾಲುದ್ದ ನೀರಿನಲ್ಲಿ ಬಾಗಿ, ಹಿಂದೆ ಹಿಂದೆ ಸರಿಯುತ್ತ ಸಸಿ ಊರುತ್ತಾರೆ. ಬದುವಿನ ಮೇಲೆ ನಿಂತವರು "ಇವ್ರು ಬಾಂಗ್ಲಾದವ್ರೇ ಇರ್ಬೇಕು", "ನಮ್ಮೋರ ಕೂಲಿ ಕಿತ್ಗೊಂಡ್ರು" ಎಂದು ಮಾತಾಡಿಕೊಳ್ಳುತ್ತಾರೆ. ಬಂಗಾಳಿ ನಮ್ಮದೇ ದೇಶದ ಭಾಷೆ. ಅದನ್ನು ಆಡಿದ ಮಾತ್ರಕ್ಕೆ ಯಾರೂ ಪರದೇಶಿಯಾಗುವುದಿಲ್ಲ. ಕೂಲಿಯ ದರ ಇಳಿಸುವವನು ಬದುವಿನ ಮೇಲಿರುತ್ತಾನೆ, ಕೆಸರಿನಲ್ಲಲ್ಲ.

ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬರಬಹುದು. ನಿರಾಶ್ರಿತರಿಗೆ ಮರಳಲು ಊರೇ ಉಳಿದಿರುವುದಿಲ್ಲ. ಆ ವ್ಯತ್ಯಾಸ ತಿಳಿಯಬೇಕಾದರೆ ಪಕ್ಕದ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಗೆ ಹೋಗಬೇಕು. ಪೂರ್ವ ಪಾಕಿಸ್ತಾನದಲ್ಲಿ ಎಲ್ಲ ಕಳೆದುಕೊಂಡು ಬಂದ ಹಿಂದೂ ಬಂಗಾಳಿ ಕುಟುಂಬಗಳಿಗೆ ಸರ್ಕಾರ 1970ರ ದಶಕದಲ್ಲಿ ಅಲ್ಲಿ ನೆಲೆ ಕೊಟ್ಟಿತು. ಅಲ್ಲಿ ದುರ್ಗಾಪೂಜೆ ನಡೆಯುತ್ತದೆ, ಮಕ್ಕಳು ಕನ್ನಡ ಕಲಿಯುತ್ತಾರೆ. ಆದರೂ ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾದವರು ಅಲ್ಲಿದ್ದಾರೆ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಇಲ್ಲೊಂದು ಸಮಗ್ರ ಕಾನೂನೂ ಇಲ್ಲ. ಹಾಗಾಗಿ ನೆರೆಹೊರೆಯವರ ಮನಸ್ಸಿನ ಮೇಲೆಯೇ ಅವರ ಬದುಕು ಬಹುಮಟ್ಟಿಗೆ ನಿಂತಿದೆ.

ಆ ಮನಸ್ಸು ಈ ನೆಲಕ್ಕೆ ಹೊಸದಲ್ಲ. 1947ರಲ್ಲಿ ದೇಶವೆಲ್ಲ ಸ್ವತಂತ್ರವಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲೇ ಉಳಿದವು. ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಹೆದರಿದ ಜನ ಮನೆಗೆ ಬೀಗ ಹಾಕಿ, ಚಕ್ಕಡಿ ಕಟ್ಟಿ, ಗಡಿ ದಾಟಿ ಸ್ವತಂತ್ರ ಭಾರತದ ನೆಲಕ್ಕೆ ಹೋದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದಲ್ಲಿ ಹೋರಾಟದ ಶಿಬಿರಗಳು ಎದ್ದವು. ಆಗ ಗಡಿಯಾಚೆಯ ಜನ ಅನ್ನ, ನೆರಳು ಕೊಟ್ಟಿದ್ದರಿಂದಲೇ ಅನೇಕರು ಉಳಿದರು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದ ಹಲವೆಡೆ ಮುಸ್ಲಿಂ ಕುಟುಂಬಗಳೂ ದಾಳಿಗೆ ತುತ್ತಾದವು. ಪಂಡಿತ್ ಸುಂದರಲಾಲ್ ಸಮಿತಿ ಅದನ್ನು ದಾಖಲಿಸಿದೆ. ಊರು ಬಿಟ್ಟು ಓಡುವ ಸಂಕಟ ಒಂದೇ ಜಾತಿ, ಒಂದೇ ಧರ್ಮದವರ ಪಾಲಿಗೆ ಬರುವಂಥದ್ದಲ್ಲ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹದ ಸಾಲಿಗೆ ಕುಳಿತವರನ್ನು ಯಾವೂರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಆ ನಡತೆ ಮಠದ ಅಂಗಳ ದಾಟಿ ಗದ್ದೆಗೆ, ಗಿರಣಿಗೆ, ಬಾಡಿಗೆ ಮನೆಯ ಬಾಗಿಲಿಗೂ ಬರಬೇಕು. ಸೆಪ್ಟೆಂಬರ್ 17ರ ವಿಮೋಚನಾ ದಿನದಂದು ಹೋರಾಟಗಾರರ ಹೆಸರಿನೊಂದಿಗೆ, ಅಂದು ನಮ್ಮವರಿಗೆ ಬಾಗಿಲು ತೆರೆದವರ ಕಥೆಯನ್ನೂ ಶಾಲೆಗಳಲ್ಲಿ ಹೇಳೋಣ. ಹೊರಗೆ ದುಡಿಯುವ ನಮ್ಮವರಿಗೆ ಸಿಗಲೆಂದು ಬಯಸುವ ನ್ಯಾಯದ ಕೂಲಿ, ಮಕ್ಕಳ ಶಾಲೆ, ಮರ್ಯಾದೆಯ ಮಾತು, ಇಲ್ಲಿಗೆ ಬಂದವರಿಗೂ ಸಿಗುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.